ಯುದ್ಧದ ಲಾರಿ ಮನೆಯಂಗಳಕ್ಕೆ ಬಂದಾಗ

ಗಂಡಸರ ಹವ್ಯಾಸಗಳೆಂದರೆ ಮನೆಯ ಹೆಂಗಸರಿಗೆ ಒಳಗೊಳಗೇ ಒಂದು ಅಳುಕು ಇದ್ದೇ ಇರುತ್ತದೆ. ಅಂಚೆಚೀಟಿ, ಹಳೆಯ ನಾಣ್ಯ ಸಂಗ್ರಹಿಸುವವರಿಂದ ತೊಂದರೆಯಿಲ್ಲ. ಅವು ಕಪಾಟಿನ ಒಂದು ಮೂಲೆಯಲ್ಲಿ ಇರುತ್ತವೆ. ಪಾರಿವಾಳ ಸಾಕುವವರು ಮಹಡಿ ಕೊಳೆ ಮಾಡುತ್ತಾರೆ, ಗಾಳ ಹಾಕುವವರು ರಾತ್ರಿ ತಡವಾಗಿ ಬರುತ್ತಾರೆ. ಇವನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಆದರೆ ನಾಲ್ಕು ಟನ್ ತೂಗುವ, ಹತ್ತು ಚಕ್ರದ, ತುಕ್ಕು ಹಿಡಿದ ಮಿಲಿಟರಿ ಲಾರಿಯೊಂದನ್ನು ಖರೀದಿಸಿ ತಂದು, ಅದನ್ನು ಬಿಚ್ಚಿ, ಉಜ್ಜಿ, ಜೋಡಿಸಿ ಮತ್ತೆ ಓಡಿಸುತ್ತೇನೆ ಎಂದು ಹೊರಡುವವರನ್ನು ಏನೆನ್ನಬೇಕು?

ಇಂತಹವರು ಜಗತ್ತಿನಾದ್ಯಂತ ಇದ್ದಾರೆ. ಅಮೆರಿಕದಲ್ಲಿ ಇಂತಹ ಹವ್ಯಾಸಿಗಳ ಸಂಘವೊಂದು 1976ರಲ್ಲೇ ಆರಂಭವಾಗಿ ಇಂದಿಗೂ ನಡೆಯುತ್ತಿದೆ. ಇಂಗ್ಲೆಂಡ್, ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಹಳೆಯ ಸೇನಾ ವಾಹನಗಳ ಮೇಳಗಳೇ ನಡೆಯುತ್ತವೆ. ನಮ್ಮ ದೇಶದಲ್ಲಿಯೂ ಸೇನೆಯ ಹಳೆಯ ಜೀಪು, ಜೋಂಗಾಗಳನ್ನು ಹುಡುಕಿ ತರುವವರಿದ್ದಾರೆ. 2019ರಲ್ಲಿ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಒಂದು ಹಳೆಯ ಜೋಂಗಾ ಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಈ ಹುಚ್ಚು ಇನ್ನಷ್ಟು ಹುಡುಗರಿಗೆ ಅಂಟಿತು.

ಇದು ಬರೀ ಗಂಡಸರ ವಿಷಯ ಎಂದು ಪುಟ ತಿರುಗಿಸಬೇಡಿ. ಲಾರಿ ನಿಲ್ಲುವುದು ಮನೆಯ ಅಂಗಳದಲ್ಲಿ. ಹಣ ಹೋಗುವುದು ಮನೆಯ ಗಂಟಿನಿಂದ. ಹಾಗಿರುವಾಗ ಮನೆಯಾಕೆಗೆ ಅದರ ಒಳಹೊರಗು ತಿಳಿದಿರುವುದು ಒಳ್ಳೆಯದಲ್ಲವೇ?

ಹತ್ತು ಚಕ್ರದ ಲಾರಿಯ ಕಥೆ

ಈ ಹವ್ಯಾಸದಲ್ಲಿ ಅತ್ಯಂತ ಹೆಸರಾದ ಲಾರಿ ಎಂದರೆ ಅಮೆರಿಕದ ಜಿಎಂಸಿ ಕಂಪೆನಿಯ ಸಿಸಿಕೆಡಬ್ಲ್ಯೂ. ಎರಡೂವರೆ ಟನ್ ಹೊರೆ ಹೊರುವ ಲಾರಿಯಾದ್ದರಿಂದ ಸೈನಿಕರು ಅದಕ್ಕೆ ‘ಡ್ಯೂಸ್ ಆ್ಯಂಡ್ ಎ ಹಾಫ್’ ಎಂದು ಅಡ್ಡಹೆಸರಿಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರ ನಡುವೆ, ಇಂತಹ ಐದೂವರೆ ಲಕ್ಷಕ್ಕೂ ಹೆಚ್ಚು ಲಾರಿಗಳು ತಯಾರಾದವು. ಮುಂದೆ ಎರಡು, ಹಿಂದೆ ಎಂಟು, ಹೀಗೆ ಹತ್ತು ಚಕ್ರಗಳು. ಮೂರು ಆ್ಯಕ್ಸಲ್‌ಗಳಿಗೂ ಎಂಜಿನ್ನಿನ ಬಲ ಹೋಗುವುದರಿಂದ ಕೆಸರಿನಲ್ಲಿ ಹೂತರೂ ಎದ್ದು ಬರುತ್ತದೆ. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ವೇಗ ಮಾತ್ರ ಗಂಟೆಗೆ ಸುಮಾರು 70 ಕಿಲೋಮೀಟರ್, ಅಷ್ಟೇ.

ಯುದ್ಧ ಮುಂದುವರಿದಂತೆ ಕಬ್ಬಿಣ ಉಳಿಸಬೇಕಾಯಿತು. ಆಗ ಲಾರಿಯ ಮುಚ್ಚಿದ ಕ್ಯಾಬಿನ್ ಬದಲು ಕ್ಯಾನ್ವಾಸ್ ಹೊದಿಕೆ ಬಂತು. ಹಿಂದಿನ ಕಬ್ಬಿಣದ ತೊಟ್ಟಿಯ ಬದಲು ಮರದ ಹಲಗೆಯ ತೊಟ್ಟಿ ಬಂತು. ಇಂದು ಲಾರಿಯನ್ನು ಮೊದಲಿನಂತೆ ಮಾಡಹೊರಡುವವರು, ತಮ್ಮ ಲಾರಿ ಯಾವ ವರ್ಷದ್ದು, ಅದಕ್ಕೆ ಮರದ ತೊಟ್ಟಿಯೋ ಕಬ್ಬಿಣದ ತೊಟ್ಟಿಯೋ ಎಂದು ಮೊದಲು ನೋಡಬೇಕಾಗುತ್ತದೆ.

1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ಕಡಲತೀರದಲ್ಲಿ ಇಳಿದವು. ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆಯನ್ನು ಅವು ಬೆನ್ನಟ್ಟಿದಾಗ ಒಂದು ದೊಡ್ಡ ಕಷ್ಟ ಎದುರಾಯಿತು. ರೈಲು ಹಳಿಗಳೆಲ್ಲ ಬಾಂಬಿಗೆ ಸಿಕ್ಕಿ ಹಾಳಾಗಿದ್ದವು. ಮುಂದೆ ಹೋದ ಸೈನ್ಯಕ್ಕೆ ಪೆಟ್ರೋಲು, ಮದ್ದುಗುಂಡು, ಆಹಾರ ತಲುಪಿಸುವುದು ಹೇಗೆ? ಆಗ ಆರಂಭವಾದದ್ದೇ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿಗಳ ಸಾಲು. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಹಗಲು ರಾತ್ರಿ ಈ ಲಾರಿಗಳು ಓಡಿದವು. ಒಂದೇ ದಿನದಲ್ಲಿ ಸುಮಾರು ಆರು ಸಾವಿರ ವಾಹನಗಳು ಹನ್ನೆರಡು ಸಾವಿರ ಟನ್ನಿಗೂ ಹೆಚ್ಚು ಸರಕು ಸಾಗಿಸಿದ್ದೂ ಉಂಟು.

ಆ ಲಾರಿಗಳ ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕಪ್ಪು ಅಮೆರಿಕನ್ನರು. ಅಂದಿನ ಅಮೆರಿಕ ಸೇನೆಯಲ್ಲಿ ಬಿಳಿಯರಿಗೇ ಬೇರೆ ತುಕಡಿ, ಕಪ್ಪು ಜನಾಂಗದವರಿಗೇ ಬೇರೆ ತುಕಡಿ ಇತ್ತು. ಬಂದೂಕು ಹಿಡಿಯಲು ನಿಮಗೆ ಯೋಗ್ಯತೆಯಿಲ್ಲ, ಹೊರೆ ಹೊರಿ, ಅಡುಗೆ ಮಾಡಿ, ಲಾರಿ ಓಡಿಸಿ ಎಂದು ಅವರಲ್ಲಿ ಬಹುತೇಕರನ್ನು ಹಿಂದಕ್ಕೆ ತಳ್ಳಲಾಗಿತ್ತು. ಹಾಗೆ ತಳ್ಳಲ್ಪಟ್ಟವರೇ ಕೊನೆಗೆ ಇಡೀ ಸೈನ್ಯದ ಹೊಟ್ಟೆ ತುಂಬಿಸಿದರು. ಸೇನೆಯಲ್ಲಿ ಈ ಭೇದವನ್ನು ಕೊನೆಗಾಣಿಸುವ ಆದೇಶವನ್ನು ಅಧ್ಯಕ್ಷ ಟ್ರೂಮನ್ ಹೊರಡಿಸಿದ್ದು 1948ರಲ್ಲಿ. ಹಳೆಯ ಲಾರಿಯೊಂದರ ಸ್ಟೇರಿಂಗ್ ಮುಟ್ಟಿದಾಗ ಆ ಚಾಲಕರ ನಿದ್ದೆಗೆಟ್ಟ ರಾತ್ರಿಗಳು ನೆನಪಾಗಬೇಕು.

ಲೇಡೋದಿಂದ ಮಲೆನಾಡಿನವರೆಗೆ

ಈ ಲಾರಿಗಳು ನಮ್ಮ ನೆಲದಲ್ಲಿಯೂ ಓಡಿವೆ. ಜಪಾನೀಯರು ಬರ್ಮಾವನ್ನು ಹಿಡಿದ ಮೇಲೆ ಚೀನಾಕ್ಕೆ ಹೋಗುವ ನೆಲದ ದಾರಿ ಮುಚ್ಚಿಹೋಯಿತು. ಆಗ ಅಸ್ಸಾಮಿನ ಲೇಡೋ ಎಂಬ ಊರಿನಿಂದ ಕಾಡು, ಬೆಟ್ಟ, ಕೆಸರುಗಳ ನಡುವೆ ಹೊಸ ರಸ್ತೆ ಕಡಿಯುವ ಕೆಲಸ 1942ರ ಡಿಸೆಂಬರಿನಲ್ಲಿ ಆರಂಭವಾಯಿತು. ಅಮೆರಿಕದ ಸೈನಿಕರೊಂದಿಗೆ ಸಾವಿರಾರು ಭಾರತೀಯ ಕೂಲಿಗಳೂ ಅಲ್ಲಿ ದುಡಿದರು. ಮಲೇರಿಯಾಕ್ಕೆ, ಭೂಕುಸಿತಕ್ಕೆ, ಅಪಘಾತಕ್ಕೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಒಂದು ಮೈಲಿಗೆ ಒಬ್ಬ ಮನುಷ್ಯನ ಪ್ರಾಣ ಹೋಗಿದೆ ಎಂಬ ಮಾತು ಆಗ ಹುಟ್ಟಿಕೊಂಡಿತು. 1945ರ ಜನವರಿ 12ರಂದು ಲೇಡೋದಿಂದ ಹೊರಟ ಮೊದಲ ವಾಹನ ಸಾಲು ಚೀನಾದ ಕುನ್‌ಮಿಂಗ್ ತಲುಪಿದ್ದು ಫೆಬ್ರವರಿ 4ರಂದು. 1,700 ಕಿಲೋಮೀಟರಿಗೂ ಹೆಚ್ಚಿನ ದಾರಿ ಅದು.

ಯುದ್ಧ ಮುಗಿಯಿತು. ಉಳಿದ ಲಾರಿ, ಜೀಪುಗಳು ‘ಡಿಸ್ಪೋಸಲ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಹಾಗೆ ಬಂದ ವಿಲ್ಲೀಸ್ ಜೀಪು ಗುಡ್ಡಗಾಡಿನ ರೈತರಿಗೆ ಬಹಳ ಹಿಡಿಸಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ತೋಟದ ಕಡಿದಾದ ದಾರಿಗಳಿಗೆ ಜೀಪಿಲ್ಲದೆ ನಡೆಯುವುದೇ ಇಲ್ಲ ಎಂಬಂತಾಯಿತು. ರೋಗಿಯನ್ನು ಆಸ್ಪತ್ರೆಗೆ ಸಾಗಿಸಲು ಜೀಪು, ಗೊಬ್ಬರದ ಚೀಲ ತರಲು ಜೀಪು, ಮದುಮಗಳನ್ನು ಕರೆತರಲೂ ಜೀಪು!

ಈ ಜೀಪಿನ ಕಥೆಯಲ್ಲಿ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಭಾರತದಲ್ಲಿ ವಿಲ್ಲೀಸ್ ಜೀಪನ್ನು ಜೋಡಿಸಿ ಮಾರಲು 1947ರಲ್ಲಿ ಆರಂಭಿಸಿದ ಕಂಪೆನಿಯ ಹೆಸರು ಆಗ ‘ಮಹೀಂದ್ರಾ ಆ್ಯಂಡ್ ಮೊಹಮ್ಮದ್’ ಎಂದಿತ್ತು. ಮಹೀಂದ್ರಾ ಸಹೋದರರೊಂದಿಗೆ ಮಲಿಕ್ ಗುಲಾಮ್ ಮುಹಮ್ಮದ್ 1945ರಲ್ಲಿ ಕಟ್ಟಿದ ಸಂಸ್ಥೆ ಅದು. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಕಂಪೆನಿಯ ಹೆಸರು 1948ರಲ್ಲಿ ‘ಮಹೀಂದ್ರಾ ಆ್ಯಂಡ್ ಮಹೀಂದ್ರಾ’ ಎಂದು ಬದಲಾಯಿತು.

ಸ್ವಾತಂತ್ರ್ಯಾನಂತರ ನಮ್ಮ ಸೇನೆ ತನ್ನದೇ ವಾಹನಗಳನ್ನು ತಯಾರಿಸತೊಡಗಿತು. ಜರ್ಮನಿಯ ಮ್ಯಾನ್ ಕಂಪೆನಿಯ ಪರವಾನಗಿ ಪಡೆದು ಜಬಲ್ಪುರದಲ್ಲಿ 1959ರಲ್ಲಿ ‘ಶಕ್ತಿಮಾನ್’ ಲಾರಿಯ ತಯಾರಿಕೆ ಆರಂಭವಾಯಿತು. ಇದು 1996ರವರೆಗೂ ನಡೆಯಿತು. ಜಪಾನಿನ ನಿಸ್ಸಾನ್ ಕಂಪೆನಿಯ ಪೆಟ್ರೋಲ್ ಎಂಜಿನ್ನಿನ ‘ಜೋಂಗಾ’ ಕೂಡ ಜಬಲ್ಪುರದಲ್ಲೇ 1999ರವರೆಗೆ ತಯಾರಾಯಿತು. ಜೋಂಗಾ ಎಂಬುದು ಜಪಾನೀ ಪದವೇನಲ್ಲ. ಜಬಲ್ಪುರದ ಶಸ್ತ್ರಾಸ್ತ್ರ ಕಾರ್ಖಾನೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದಾಗ ಬಂದ ಹೆಸರದು. ಇಂದು ನಮ್ಮ ಹವ್ಯಾಸಿಗಳು ಹುಡುಕುವುದು ಹೆಚ್ಚಾಗಿ ಇಂತಹ ವಾಹನಗಳನ್ನೇ.

ಮೊದಲು ಕಾಗದ, ಆಮೇಲೆ ಕಬ್ಬಿಣ

ನಮ್ಮ ಸಂಬಂಧಿಕರಲ್ಲಿ ನಾವೆಲ್ಲ ಚಾಚಾ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಇಪ್ಪತ್ತು ವರ್ಷ ಕೊಲ್ಲಿ ದೇಶದಲ್ಲಿ ಟ್ರೈಲರ್ ಓಡಿಸಿ ಊರಿಗೆ ಬಂದವರು. ಮಕ್ಕಳ ಮದುವೆ ಮುಗಿದಿತ್ತು. ಮನೆಯಲ್ಲಿ ಸುಮ್ಮನೆ ಕುಳಿತರೆ ಅವರಿಗೆ ಕೈಕಾಲು ಕಟ್ಟಿ ಹಾಕಿದಂತೆ. ಯಾರೋ ದಲ್ಲಾಳಿ ಹಳೆಯ ಜೋಂಗಾದ ಫೋಟೋ ತೋರಿಸಿದ. ಚಾಚಾ ಚಾಚಿಗೆ ಹೇಳದೆ ನಲವತ್ತು ಸಾವಿರ ಮುಂಗಡ ಕೊಟ್ಟುಬಿಟ್ಟರು. ಆ ಗಾಡಿಗೆ ಕಾಗದಪತ್ರವೇ ಇರಲಿಲ್ಲ. ದಲ್ಲಾಳಿ ಮುಂಗಡವನ್ನೂ ಹಿಂತಿರುಗಿಸಲಿಲ್ಲ.

ವಿಷಯ ಗೊತ್ತಾದಾಗ ಚಾಚಿ ಕೂಗಾಡಲಿಲ್ಲ. “ಇಷ್ಟು ವರ್ಷ ನೀವು ಪರದೇಶದಲ್ಲಿ, ನಾನು ಇಲ್ಲಿ ಒಬ್ಬಳೇ. ಆ ದುಡ್ಡಿನಲ್ಲಿ ನನ್ನ ಕಾಯುವಿಕೆಯೂ ಇದೆಯಲ್ಲ? ಒಂದು ಮಾತು ಕೇಳಬಾರದಿತ್ತಾ?” ಎಂದರಂತೆ. ಚಾಚಾ ತಲೆ ತಗ್ಗಿಸಿದರು. ಒಂದು ವಾರ ಮನೆಯಲ್ಲಿ ಮಾತುಕತೆಯೇ ಇರಲಿಲ್ಲ. ಕೊನೆಗೆ ಚಾಚಿಯೇ ಮೂರು ಷರತ್ತು ಹಾಕಿದರು. ಮನೆಖರ್ಚಿನ ಹಣ, ಔಷಧಿಯ ಹಣ ಮುಟ್ಟಬಾರದು. ಸಾಲ ಮಾಡಬಾರದು, ಬಡ್ಡಿಯ ಸಾಲವಂತೂ ಬೇಡವೇ ಬೇಡ. ಮುಂದಿನ ಸಲ ಗಾಡಿ ನೋಡಲು ಹೋಗುವಾಗ ತನ್ನನ್ನೂ ಕರೆದುಕೊಂಡು ಹೋಗಬೇಕು.

ಎರಡನೆಯ ಗಾಡಿ ನೋಡಲು ಚಾಚಿ ನಿಜವಾಗಿಯೂ ಹೋದರು. ಚಾಚಾ ಬಾನೆಟ್ ಎತ್ತಿ ಎಂಜಿನ್ ನೋಡುತ್ತಿದ್ದರೆ, ಚಾಚಿ ಕನ್ನಡಕ ಹಾಕಿಕೊಂಡು ಆರ್‌ಸಿ ಪುಸ್ತಕದ ಚಾಸಿಸ್ ನಂಬರನ್ನೂ ಗಾಡಿಯ ಮೇಲಿನ ನಂಬರನ್ನೂ ಒಂದೊಂದೇ ಅಂಕಿ ಓದಿ ತಾಳೆ ನೋಡಿದರು. ಮಾರುವವ ಅವಸರ ಮಾಡಿದರೂ ಬಿಡಲಿಲ್ಲ. ನಂಬರುಗಳು ಹೊಂದಿದವು, ಗಾಡಿ ಮನೆಗೆ ಬಂತು. ಈ ಹವ್ಯಾಸದ ಮೊದಲ ಪಾಠ ಇದೇ. ಎಂಜಿನ್ ಕೆಟ್ಟಿದ್ದರೆ ಸರಿಪಡಿಸಬಹುದು, ಕಾಗದ ಇಲ್ಲದಿದ್ದರೆ ಯಾವ ಮಿಸ್ತ್ರಿಯೂ ಅದನ್ನು ತಯಾರಿಸಿಕೊಡಲಾರ.

ಸೇನೆ ಉಪಯೋಗಿಸಿ ಬಿಟ್ಟ ವಾಹನಗಳು ಹರಾಜಿನ ಮೂಲಕ ಹೊರಬರುತ್ತವೆ. ಸರ್ಕಾರಿ ಸಂಸ್ಥೆಯಾದ ಎಂಎಸ್‌ಟಿಸಿ ಇಂತಹ ಹರಾಜುಗಳನ್ನು ಈಗ ಕಂಪ್ಯೂಟರ್ ಮೂಲಕವೇ ನಡೆಸುತ್ತದೆ. ಆದರೆ ಗುಜರಿ ಎಂದು ಮಾರಿದ ವಾಹನ ಬೇರೆ, ಓಡಿಸಲು ಯೋಗ್ಯವೆಂದು ಮಾರಿದ ವಾಹನ ಬೇರೆ. ಗುಜರಿಯಾಗಿ ತಂದದ್ದನ್ನು ಎಷ್ಟೇ ಚೆಂದ ಮಾಡಿದರೂ ರಸ್ತೆಗಿಳಿಸಲು ಸಾಧ್ಯವಿಲ್ಲ. ಹರಾಜಿನ ಪತ್ರ, ಸೇನೆಯ ಬಿಡುಗಡೆ ಪತ್ರ, ಆ ಮೇಲಿನ ಪ್ರತಿಯೊಬ್ಬ ಮಾಲಿಕನ ಮಾರಾಟ ಪತ್ರ, ಇವೆಲ್ಲವನ್ನೂ ಹಣ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ತೋರಿಸಿ ವಿಚಾರಿಸಬೇಕು.

ಬಣ್ಣದ ವಿಷಯದಲ್ಲೂ ಕಾನೂನಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೇನೆಯ ಆಲಿವ್ ಹಸಿರು ಬಣ್ಣವನ್ನು ಖಾಸಗಿಯವರು ತಮ್ಮ ವಾಹನಕ್ಕೆ ಬಳಿಯುವಂತಿಲ್ಲ. ಸೇನೆಯ ನಂಬರ್ ಫಲಕದಲ್ಲಿ ಮೊದಲು ಮೇಲ್ಮುಖ ಬಾಣದ ಗುರುತು, ಅದರ ಪಕ್ಕ ವಾಹನ ಸೇನೆಗೆ ಸೇರಿದ ವರ್ಷದ ಎರಡು ಅಂಕಿಗಳು ಇರುತ್ತವೆ. ಅಂತಹ ಫಲಕವನ್ನು ಅಂದಕ್ಕೆಂದು ಹಾಕಿಕೊಂಡು ತಿರುಗುವುದೂ ತಪ್ಪು. ಚಾಚಾರ ಜೋಂಗಾಕ್ಕೆ ಬೂದು ಬಣ್ಣ ಆರಿಸಿದ್ದು ಮೊಮ್ಮಗಳು.

50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನಗಳಿಗಾಗಿ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಎಂಬ ಗುರುತು. ಆದರೆ ಇಂತಹ ವಾಹನದಲ್ಲಿ ದಿನನಿತ್ಯ ಪೇಟೆಗೆ ಹೋಗುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂತಹ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. 50 ವರ್ಷ ತುಂಬದ ಹಳೆಯ ವಾಹನಕ್ಕೆ ಸಾಮಾನ್ಯ ನಿಯಮವೇ ಅನ್ವಯಿಸುತ್ತದೆ. ಅದರ ನವೀಕರಣ ಶುಲ್ಕವನ್ನು 2022ರಲ್ಲಿ ಮತ್ತು 2025ರಲ್ಲಿ ಏರಿಸಲಾಗಿದೆ. ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಬಿಚ್ಚುವುದು ಸುಲಭ

ಹಳೆಯ ಗಾಡಿ ಬಿಚ್ಚುವುದು ಹದಿನೈದು ದಿನದ ಕೆಲಸ. ಜೋಡಿಸುವುದು ಎರಡು ಮೂರು ವರ್ಷದ ಕೆಲಸ. ಅನೇಕರ ಹವ್ಯಾಸ ಅರ್ಧಕ್ಕೆ ನಿಲ್ಲುವುದು ಇದೇ ಕಾರಣಕ್ಕೆ. ಬಿಚ್ಚಿದ ಸಾಮಾನು ಅಂಗಳದಲ್ಲಿ ಹರಡಿಕೊಂಡು, ಯಾವ ಬೋಲ್ಟು ಎಲ್ಲಿಯದು ಎಂದು ತಿಳಿಯದೆ, ಕೊನೆಗೆ ಎಲ್ಲವೂ ಗುಜರಿಯವನ ಪಾಲಾಗುತ್ತದೆ.

ಇಲ್ಲಿ ಮನೆಯವರ ಸಹಾಯ ಬಹಳ ದೊಡ್ಡದು. ಚಾಚಿ ಉಪ್ಪಿನಕಾಯಿಯ ಖಾಲಿ ಡಬ್ಬಿಗಳನ್ನು ತೊಳೆದು ಒಣಗಿಸಿ ಕೊಟ್ಟರು. ಪ್ರತಿ ಡಬ್ಬಿಯ ಮೇಲೆ ಚೀಟಿ ಅಂಟಿಸಿ, ‘ಎಡ ಬಾಗಿಲು’, ‘ರೇಡಿಯೇಟರ್’, ‘ಹಿಂದಿನ ಪಾಟಾ’ ಎಂದು ಮೊಮ್ಮಗಳು ಬರೆದಳು. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ ತೆಗೆಯುವ ಕೆಲಸವೂ ಅವಳದೇ. ಮೂರು ತಿಂಗಳ ನಂತರ ವೈರಿಂಗ್ ಜೋಡಿಸುವಾಗ ಮಿಸ್ತ್ರಿಗೆ ದಾರಿ ತೋರಿಸಿದ್ದು ಆ ಫೋಟೋಗಳೇ.

ಕೆಲಸಕ್ಕೂ ಒಂದು ಕ್ರಮವಿದೆ. ಮೊದಲು ಚಾಸಿಸ್ ನೋಡಬೇಕು. ಅದು ಮನೆಯ ಪಂಚಾಂಗವಿದ್ದಂತೆ, ತುಕ್ಕು ತಿಂದು ತೂತಾಗಿದ್ದರೆ ಮೇಲೆ ಏನು ಕಟ್ಟಿದರೂ ವ್ಯರ್ಥ. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಬ್ಯಾಟರಿ ಕೊಟ್ಟು ಒಮ್ಮೆಲೇ ತಿರುಗಿಸಬಾರದು. ಪ್ಲಗ್ ತೆಗೆದು ಸಿಲಿಂಡರಿಗೆ ಎಣ್ಣೆ ಹಾಕಿ, ಒಂದೆರಡು ದಿನ ಬಿಟ್ಟು, ಕೈಯಿಂದಲೇ ನಿಧಾನವಾಗಿ ತಿರುಗಿಸಿ ನೋಡಬೇಕು. ಅವಸರ ಮಾಡಿದರೆ ಅಂಟಿಕೊಂಡಿರುವ ಪಿಸ್ಟನ್ ರಿಂಗ್ ಮುರಿಯುತ್ತದೆ. ಎಂಜಿನ್ ಓಡಿತೆಂದು ಸಂಭ್ರಮದಿಂದ ರಸ್ತೆಗೆ ಇಳಿಯುವುದಂತೂ ಮೂರ್ಖತನ. ಮೊದಲು ಬ್ರೇಕ್, ಆಮೇಲೆ ಓಟ. ಹಳೆಯ ವಾಹನಗಳಲ್ಲಿ ನಾಲ್ಕೂ ಚಕ್ರಕ್ಕೆ ಸಾಮಾನ್ಯವಾಗಿ ಒಂದೇ ಬ್ರೇಕ್ ಎಣ್ಣೆಯ ಜಾಲವಿರುತ್ತದೆ. ಒಂದು ಪೈಪು ಒಡೆದರೆ ಎಲ್ಲ ಬ್ರೇಕೂ ಒಟ್ಟಿಗೆ ಹೋಗುತ್ತದೆ.

ಅಮೆರಿಕದ ಲಾರಿಗಳನ್ನು ಸರಿಪಡಿಸುವವರಿಗೆ ಒಂದು ಅನುಕೂಲವಿದೆ. ಆ ಸೇನೆ ಪ್ರತಿಯೊಂದು ವಾಹನಕ್ಕೂ ಕೈಪಿಡಿ ಮುದ್ರಿಸಿತ್ತು. ಜಿಎಂಸಿ ಲಾರಿಯದು ‘ಟಿಎಂ 9-801’, ವಿಲ್ಲೀಸ್ ಜೀಪಿನದು ‘ಟಿಎಂ 9-803’. ಎಲ್ಲಿ ಗ್ರೀಸ್ ಹಾಕಬೇಕು, ಎಷ್ಟು ಮೈಲಿಗೊಮ್ಮೆ ಏನು ಪರೀಕ್ಷಿಸಬೇಕು ಎಂಬುದೆಲ್ಲ ಅದರಲ್ಲಿ ಚಿತ್ರಸಹಿತ ಇದೆ. ನಮ್ಮಲ್ಲಿ ಕೈಪಿಡಿಯ ಜಾಗದಲ್ಲಿರುವುದು ಹಳೆಯ ಮಿಸ್ತ್ರಿಗಳು. ಶಾಲೆಯ ಮುಖ ಕಾಣದೆ ಹತ್ತನೇ ವಯಸ್ಸಿಗೇ ಗ್ಯಾರೇಜು ಸೇರಿ, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಆ ಹಿರಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು ಕಂಪ್ಯೂಟರ್ ಜೋಡಿಸಿ ಗಾಡಿಯ ದೋಷ ಹುಡುಕುತ್ತಾರೆ, ಅದು ತಪ್ಪಲ್ಲ. ಆದರೆ ಕಾರ್ಬ್ಯುರೇಟರ್ ಬಿಚ್ಚಿ ಹದ ಮಾಡುವ ವಿದ್ಯೆ ಆ ಹಿರಿಯರೊಂದಿಗೇ ಮುಗಿಯುತ್ತಿದೆ. ಒಂದು ಹಳೆಯ ಗಾಡಿ ಅಂತಹ ಮಿಸ್ತ್ರಿಗೆ ಮತ್ತೆ ಕೆಲಸ ಕೊಡುತ್ತದೆ, ಹತ್ತಿರ ನಿಂತ ಹುಡುಗನಿಗೆ ವಿದ್ಯೆ ಕೊಡುತ್ತದೆ. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಒಳ್ಳೆಯದೆಂದು ಕಾಣುವುದು ಇದೇ.

ಹೊಲಿಗೆ ಬಲ್ಲ ಸಹೋದರಿಯರಿಗೂ ಇಲ್ಲಿ ಕೆಲಸವಿದೆ. ಕ್ಯಾನ್ವಾಸ್ ಹೊದಿಕೆ, ಸೀಟಿನ ಗವಸು ಎಲ್ಲವೂ ಹೊಲಿಗೆಯೇ. ಆದರೆ ಮನೆಯ ಸಾಮಾನ್ಯ ಯಂತ್ರಕ್ಕೆ ಆ ದಪ್ಪ ಬಟ್ಟೆ ತಡೆಯುವುದಿಲ್ಲ, ಸೂಜಿ ಮುರಿಯುತ್ತದೆ. ದಪ್ಪ ಸೂಜಿಯ ದೊಡ್ಡ ಯಂತ್ರ ಬೇಕು.

ಸ್ಪ್ಯಾನರ್ ಹಿಡಿದ ರಾಜಕುಮಾರಿ

ಸ್ಪ್ಯಾನರ್ ಹಿಡಿಯುವುದು ಹೆಣ್ಣಿನ ಕೆಲಸವಲ್ಲ ಎಂದು ಹೇಳುವವರಿಗೆ ಒಂದು ಉದಾಹರಣೆ. 1945ರ ಆರಂಭದಲ್ಲಿ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್ ತನ್ನ 18ನೇ ವಯಸ್ಸಿನಲ್ಲಿ ಮಹಿಳೆಯರ ಸೇನಾ ಸಹಾಯಕ ದಳ ಸೇರಿದಳು. ಸೇನೆಯ ಲಾರಿ ಓಡಿಸಲು, ಚಕ್ರ ಬದಲಿಸಲು, ಎಂಜಿನ್ ರಿಪೇರಿ ಮಾಡಲು ಕಲಿತಳು. ಮುಂದೆ 1952ರಲ್ಲಿ ರಾಣಿಯಾಗಿ 2022ರವರೆಗೆ ಆಳಿದಾಕೆ ಅವಳೇ. ಆ ಯುದ್ಧದಲ್ಲಿ ಅವಳಂತೆ ಸಾವಿರಾರು ಸಾಮಾನ್ಯ ಹೆಣ್ಣುಮಕ್ಕಳು ಲಾರಿ, ಆಂಬುಲೆನ್ಸ್ ಓಡಿಸಿದರು. ಗಂಡಸರು ಯುದ್ಧಭೂಮಿಗೆ ಹೋದಾಗ ಕಾರ್ಖಾನೆಗಳಲ್ಲಿ ಬೆಸುಗೆ ಹಾಕಿದ್ದೂ ಅವರೇ.

ಹೆಣ್ಣುಮಕ್ಕಳ ಇನ್ನೊಂದು ನೋವಿನ ಕಥೆಯೂ ಹಳೆಯ ಸೇನಾ ವಾಹನಗಳಿಗೆ ತಳುಕು ಹಾಕಿಕೊಂಡಿದೆ. ಎರಡನೇ ಮಹಾಯುದ್ಧ ಕಾಲದ ಅನೇಕ ವಾಹನಗಳ ಮೀಟರಿನ ಅಂಕಿಗಳು ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅದಕ್ಕೂ ಮೊದಲು, 1917ರ ಸುಮಾರಿಗೆ, ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಎಳೆಯ ಹುಡುಗಿಯರು ಗಡಿಯಾರಗಳ ಮುಖಕ್ಕೆ ಇದೇ ಬಣ್ಣ ಹಚ್ಚುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ತುಟಿಯಲ್ಲಿಟ್ಟು ಎಳೆಯಲು ಅವರಿಗೆ ಹೇಳಿಕೊಡಲಾಗಿತ್ತು. ಇದರಿಂದ ಏನೂ ಆಗುವುದಿಲ್ಲ ಎಂದು ನಂಬಿಸಲಾಗಿತ್ತು. ಅವರ ಹಲ್ಲುಗಳು ಉದುರಿದವು, ದವಡೆಯ ಮೂಳೆ ಕೊಳೆಯಿತು, ಅನೇಕರು ಚಿಕ್ಕ ವಯಸ್ಸಿನಲ್ಲೇ ಸತ್ತರು. ಐವರು ಹೆಣ್ಣುಮಕ್ಕಳು ಕಂಪೆನಿಯ ಮೇಲೆ ಮೊಕದ್ದಮೆ ಹೂಡಿ ಹೋರಾಡಿದರು. 1928ರಲ್ಲಿ ರಾಜಿಯಾಗಿ ಪರಿಹಾರ ಸಿಕ್ಕಿತು. ದುಡಿಯುವವರ ಆರೋಗ್ಯದ ಹೊಣೆ ದುಡಿಸಿಕೊಳ್ಳುವವರದ್ದು ಎಂಬ ಕಾನೂನಿಗೆ ಅವರ ಹೋರಾಟ ಬಲ ಕೊಟ್ಟಿತು.

ಆ ಕಾಲದ ವಾಹನದ ಮೀಟರ್ ನಿಮ್ಮ ಮನೆಗೆ ಬಂದರೆ ಅದನ್ನು ಬಿಚ್ಚಲು, ಉಜ್ಜಲು ಬಿಡಬೇಡಿ. ಹೊಳಪು ಹೋಗಿದ್ದರೂ ರೇಡಿಯಂ ಹೋಗಿರುವುದಿಲ್ಲ. ಅದರ ಶಕ್ತಿ ಅರ್ಧವಾಗಲು 1,600 ವರ್ಷ ಬೇಕು.

ಮಕ್ಕಳಿರುವ ಮನೆಯಲ್ಲಿ ಎಚ್ಚರ

ಹಳೆಯ ವಾಹನವೆಂದರೆ ಬರೀ ತುಕ್ಕಲ್ಲ, ಅದರಲ್ಲಿ ಬೇರೆ ಅಪಾಯಗಳೂ ಇವೆ. ಹಳೆಯ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಗ್ಯಾರೇಜುಗಳಲ್ಲಿ ಗಾಳಿಯ ಪೈಪಿನಿಂದ ಆ ಧೂಳನ್ನು ಊದುವುದನ್ನು ನಾವು ನೋಡಿದ್ದೇವೆ. ಆ ಧೂಳು ಶ್ವಾಸಕೋಶ ಸೇರಿದರೆ ಹಲವು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಎಸೆಯಬೇಕು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬಾರದು.

ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಅಂಗಳದಲ್ಲಿ ಉಜ್ಜಿದರೆ ಆ ಪುಡಿ ಮಣ್ಣಿಗೆ ಬಿದ್ದು, ಮಣ್ಣಿನಲ್ಲಿ ಆಡುವ ಮಗುವಿನ ಕೈಗೆ, ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಬುದ್ಧಿ ಬೆಳವಣಿಗೆಗೇ ಕಂಟಕ. ಬಣ್ಣ ತೆಗೆಯುವ ಕೆಲಸ ಮನೆಯಿಂದ ದೂರ ನಡೆಯಲಿ. ಗರ್ಭಿಣಿಯರು ಆ ಕಡೆ ಸುಳಿಯುವುದೇ ಬೇಡ.

ಲಾರಿಯ ಚಕ್ರಕ್ಕೆ ಕಬ್ಬಿಣದ ರಿಂಗ್ ಕೂರಿಸಿರುತ್ತಾರೆ. ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಅದು ಸಿಡಿದು ಎದುರು ನಿಂತವರ ಪ್ರಾಣ ತೆಗೆದ ಉದಾಹರಣೆಗಳಿವೆ. ಈ ಕೆಲಸವನ್ನು ಕಬ್ಬಿಣದ ಪಂಜರವಿರುವ ಟೈರು ಅಂಗಡಿಗೇ ಬಿಡಬೇಕು. ಖಾಲಿ ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕುವುದು ತುಂಬಿದ ಟ್ಯಾಂಕಿಗಿಂತಲೂ ಅಪಾಯ, ಒಳಗಿನ ಆವಿ ಬಾಂಬಿನಂತೆ ಸಿಡಿಯುತ್ತದೆ. ಬರೀ ಜಾಕಿನ ಮೇಲೆ ನಿಂತ ವಾಹನದಡಿಗೆ ಯಾರೂ ನುಸುಳಬಾರದು, ಗಟ್ಟಿ ಸ್ಟ್ಯಾಂಡ್ ಕೊಡಲೇಬೇಕು.

ಲೆಕ್ಕದ ಪುಸ್ತಕ

ಇನ್ನು ಹಣದ ಮಾತು. ಈ ಹವ್ಯಾಸದಲ್ಲಿ ಗಾಡಿಯ ಬೆಲೆ ಖರ್ಚಿನ ಆರಂಭವಷ್ಟೇ. ಸಾಗಣೆ, ಟೈರು, ಲೇತ್ ಕೆಲಸ, ಟಿಂಕರಿಂಗ್, ಬಣ್ಣ, ವೈರಿಂಗ್, ಕಾಗದಪತ್ರ ಎಂದು ಒಂದರ ಹಿಂದೆ ಒಂದು ಬರುತ್ತವೆ. ಜಿಎಂಸಿ ಲಾರಿ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಮೂರು ಕಿಲೋಮೀಟರ್ ಓಡುತ್ತದೆ. ಪೆಟ್ರೋಲಿಗೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ಮೂವತ್ತು ಕಿಲೋಮೀಟರಿನ ಒಂದು ಸುತ್ತಿಗೆ ಸಾವಿರ ರೂಪಾಯಿಗೂ ಹೆಚ್ಚು! ಜೋಂಗಾ ಕೂಡ ಪೆಟ್ರೋಲ್ ಕುಡಿಯುವುದರಲ್ಲಿ ಹಿಂದೆ ಬಿದ್ದದ್ದಲ್ಲ.

ಗಾಡಿ ಕೊಟ್ಟುಬಿಟ್ಟರೆ ಹಾಕಿದ ಹಣ ಬರುತ್ತದೆ ಎಂಬ ಮಾತನ್ನು ಹೆಚ್ಚು ನಂಬಬಾರದು. ಇದು ವ್ಯಾಪಾರವಲ್ಲ, ಹವ್ಯಾಸ. ಹೋದ ಹಣ ಹೋಯಿತು ಎಂದುಕೊಂಡೇ ಇಳಿಯಬೇಕು. ಹಾಗಾದರೆ ಇದು ದುಂದುವೆಚ್ಚವಲ್ಲವೇ ಎಂದು ನೀವು ಕೇಳಬಹುದು. ಮನೆಯವರ ಹಕ್ಕು ಕಸಿದು, ಹೆಂಡತಿಯ ಒಡವೆ ಅಡವಿಟ್ಟು ಮಾಡಿದರೆ ಖಂಡಿತ ದುಂದುವೆಚ್ಚ. ಹೆಂಡತಿಯ ಮಹರ್, ಅವಳ ಒಡವೆ ಅವಳದ್ದೇ, ಅದರ ಮೇಲೆ ಗಂಡನ ಹವ್ಯಾಸಕ್ಕೆ ಯಾವ ಅಧಿಕಾರವೂ ಇಲ್ಲ. ಆದರೆ ದುಡಿದು ದಣಿದ ಮನುಷ್ಯ ತನ್ನ ಪಾಲಿನ ಸ್ವಲ್ಪ ಹಣದಲ್ಲಿ, ಮನೆಯವರ ಒಪ್ಪಿಗೆಯೊಂದಿಗೆ, ಕೈಗೆ ಕೆಲಸವೂ ಮನಸ್ಸಿಗೆ ನೆಮ್ಮದಿಯೂ ಸಿಗುವ ಒಂದು ವಿಷಯ ಹಚ್ಚಿಕೊಂಡರೆ ಅದನ್ನು ಹಳಿಯಲಾಗದು. ನಿವೃತ್ತರಾದ ಮೇಲೆ ಬೀದಿಯಂಗಡಿಯ ಕಟ್ಟೆಯಲ್ಲಿ ಕುಳಿತು ಊರ ಮಾತಾಡುವುದಕ್ಕಿಂತ ಗ್ರೀಸು ಮೆತ್ತಿದ ಕೈಯೇ ಲೇಸು.

ಚಾಚಾರ ಮನೆಯಲ್ಲಿ ಚಾಚಿ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದಾರೆ. ತಿಂಗಳಿಗೆ ಇಷ್ಟೇ ಎಂದು ಹಣ ಗೊತ್ತು ಮಾಡಿದ್ದಾರೆ. ಹಣ ಮುಗಿದರೆ ಮುಂದಿನ ತಿಂಗಳವರೆಗೆ ಗಾಡಿಯ ಕೆಲಸವೂ ನಿಲ್ಲುತ್ತದೆ. ಇದರಿಂದ ಕೆಲಸ ನಿಧಾನವಾಯಿತು, ಆದರೆ ಜಗಳವಾಗಲಿಲ್ಲ. ಎರಡೂವರೆ ವರ್ಷದ ನಂತರ ಎಂಜಿನ್ ಓಡಿದೆ, ಬ್ರೇಕ್ ಸರಿಯಾಗಿದೆ. ಹಿಂದಿನ ಸೀಟು ಇನ್ನೂ ಬಾಕಿ.

ನಿಮ್ಮ ಮನೆಯಲ್ಲೂ ಯಾರಾದರೂ ಇಂತಹ ಆಸೆ ಹೇಳಿಕೊಂಡರೆ ಕೂಡಲೇ ಬೇಡವೆನ್ನಬೇಡಿ, ಕಣ್ಣು ಮುಚ್ಚಿ ಹೂಂ ಎನ್ನಲೂ ಬೇಡಿ. ನಾಲ್ಕು ಪ್ರಶ್ನೆ ಕೇಳಿ. ಕಾಗದ ಸರಿಯಿದೆಯೇ? ಹಣ ಯಾವ ಗಂಟಿನಿಂದ ಬರುತ್ತದೆ? ಮಕ್ಕಳು ಓಡಾಡುವ ಜಾಗದಿಂದ ದೂರ ನಿಲ್ಲಿಸಲು ಸ್ಥಳವಿದೆಯೇ? ಅರ್ಧಕ್ಕೆ ಬೇಸರವಾದರೆ ಏನು ಮಾಡುವುದು? ಈ ನಾಲ್ಕಕ್ಕೂ ನೆಟ್ಟಗಿನ ಉತ್ತರ ಬಂದರೆ ಉಪ್ಪಿನಕಾಯಿ ಡಬ್ಬಿಗಳನ್ನು ತೊಳೆದಿಡಲು ಅಡ್ಡಿಯಿಲ್ಲ.